ಕೋರ್ಟು ಏಳುವ ತನಕ

ನ್ಯಾಯ ಹೇಳುವ ಕುರ್ಚಿಯಲ್ಲಿ ಕೂರುವ ಯೋಗ ನಿಮ್ಮಲ್ಲಿ ಯಾರಿಗಾದರೂ ಬಂದರೆ ನನ್ನದೊಂದು ಬುದ್ಧಿಮಾತು ಇರಲಿ. ಕಾನೂನು ಪುಸ್ತಕ ಆಮೇಲೆ ಬಿಡಿಸಿ. ಮೊದಲು ಜಪ್ತಿ ಮಾಡಿದ ಸಾಮಾನು ಇಡುವ ಕೋಣೆಗೆ ಹೋಗಿ ಬನ್ನಿ. ಮಾಡು ಸೋರುತ್ತದೆಯೋ, ಗೋಡೆ ಬೆವರುತ್ತದೆಯೋ, ಕಿಟಕಿ ಯಾವ ದಿಕ್ಕಿಗೆ ಉಂಟು, ಎಲ್ಲ ನೋಡಿ. ಗೋದಾಮು ನೋಡದೆ ಸರಕು ಇಳಿಸುವ ವ್ಯಾಪಾರಿ ಇಲ್ಲ. ಗೋದಾಮು ನೋಡದೆ ತೀರ್ಪು ಹೇಳಿದ ಮೂವರಲ್ಲಿ ನಾನೂ ಒಬ್ಬ.

ಅದು ಯುದ್ಧದ ಕಾಲ. ನನಗೆ ಕುಂಬಳೆಯಲ್ಲಿ ಕೊಬ್ಬರಿ ವ್ಯಾಪಾರ. ಸಣ್ಣಪುಟ್ಟ ಕೇಸುಗಳನ್ನು ವಿಚಾರಿಸಲಿಕ್ಕೆ ಸರಕಾರ ಊರಿನ ಮೂವರನ್ನು ಆರಿಸಿ ಬೆಂಚು ಎಂದು ಕೂರಿಸುತ್ತಿತ್ತು. ಸಂಬಳ ಇಲ್ಲ, ವಾರಕ್ಕೊಂದು ದಿನ ಕೆಲಸ, ಮೂವರಲ್ಲಿ ಇಬ್ಬರು ಹೇಳಿದ್ದೇ ತೀರ್ಪು. ನಮ್ಮ ಬೆಂಚಿನ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರರು. ಊರೆಲ್ಲ ಅವರನ್ನು ಮಾಸ್ಟ್ರು ಎನ್ನುತ್ತಿತ್ತು. ಎರಡನೆಯವರು ಒಂದು ಗುತ್ತಿನ ಮನೆಯ ಯಜಮಾನರು, ಗದ್ದೆ, ಒಕ್ಕಲು ಎಲ್ಲ ಇದ್ದವರು. ಮೂರನೆಯವ ನಾನು. ಪೇಟೆಯ ಜಗಳಗಳನ್ನು ಅಂಗಡಿಯ ಜಗಲಿಯಲ್ಲೇ ಹೇಳಿ ಮುಗಿಸುತ್ತೇನೆ ಎಂಬ ಹೆಸರು ನನಗಿತ್ತು, ಅದಕ್ಕೇ ಹಾಕಿದ್ದು. ದೀಪ ಇಲ್ಲದ ಸೈಕಲ್ಲು, ಬೇಲಿ ಹಾರಿದ ದನ, ಕೋಳಿ ಅಂಕ, ಇಂಥವೇ ಹೆಚ್ಚು ಬರುತ್ತಿದ್ದವು. ಒಂದು ದಿನ ಬಸ್ಸಿನ ಕಂಡಕ್ಟರನೊಬ್ಬನನ್ನು ತಂದು ನಿಲ್ಲಿಸಿದರು. ಪ್ರಯಾಣಿಕಳೊಬ್ಬಳು ಬಿಟ್ಟುಹೋದ ಸಾಮಾನು ಇಟ್ಟುಕೊಂಡ ಆರೋಪ. ಪೊಲೀಸಿನವರು ಮೇಜಿನ ಮೇಲೆ ಒಂದು ಹೊಲಿಗೆ ಮಿಶನು ತಂದಿಟ್ಟರು. ಕೈಯಲ್ಲಿ ಚಕ್ರ ತಿರುಗಿಸಿ ಹೊಲಿಯುವಂಥದ್ದು. ಕರಿ ಬಣ್ಣದ ಮೇಲೆ ಬಂಗಾರದ ಬಳ್ಳಿ, ಹಿಡಿಗೆ ಕಟ್ಟಿದ ಒಂದು ನೀಲಿ ಬಟ್ಟೆಯ ಚೂರು. ಆಗ ಅದು ಹೊಸದರ ಹಾಗೆ ಹೊಳೆಯುತ್ತಿತ್ತು. ಇದನ್ನು ನೆನಪಿಡಿ.

ಅದು ಹೇಗೆ ಕಳೆಯಿತು ಎಂದು ಹೇಳಬೇಕಾದರೆ ದೋಣಿಯಲ್ಲಿ ಹೊಳೆ ದಾಟುವ ಕಡವಿನ ಪದ್ಧತಿ ಹೇಳಬೇಕು. ಬಂದ್ಯೋಡಿಗೂ ಕುಂಬಳೆಗೂ ನಡುವಿನ ಹೊಳೆಗೆ ಆಗ ಬಸ್ಸು ದಾಟುವ ಸಂಕ ಇರಲಿಲ್ಲ. ಮಂಗಳೂರು ಕಡೆಯ ಬಸ್ಸು ಬಡಗು ದಡಕ್ಕೆ ಬಂದು ನಿಲ್ಲುತ್ತಿತ್ತು. ಜನ ಇಳಿದು ದೋಣಿಯಲ್ಲಿ ದಾಟಿ ತೆಂಕು ದಡದಲ್ಲಿ ಕಾದಿರುವ ಇನ್ನೊಂದು ಬಸ್ಸು ಹತ್ತಬೇಕು. ಬಸ್ಸಿನ ನೆತ್ತಿಯ ಮೇಲಿನ ಗಂಟುಮೂಟೆಗಳನ್ನು ಇಳಿಸಿ ದೋಣಿಗೆ ಹಾಕುವುದು ಬಡಗು ಕಂಡಕ್ಟರನ ಕೆಲಸ. ದೋಣಿ ಬಿಡುವಾಗ ದೋಣಿಯವನು "ತಲೆ ಇಷ್ಟು, ಗಂಟು ಇಷ್ಟು" ಎಂದು ಕೂಗುತ್ತಿದ್ದ. ಆಚೆ ದಡದವನು ಅದೇ ಲೆಕ್ಕಕ್ಕೆ ಇಳಿಸಿಕೊಳ್ಳುತ್ತಿದ್ದ. ಕೂಗಿದ ಮೇಲೆ ಬಡಗು ದಡದಲ್ಲಿ ಉಳಿದದ್ದು ಯಾರ ಲೆಕ್ಕಕ್ಕೂ ಇಲ್ಲ.

ಯುದ್ಧದಿಂದಾಗಿ ಪೆಟ್ರೋಲು ಇರಲಿಲ್ಲ. ಬಸ್ಸಿನ ಹಿಂಬದಿಗೆ ಇದ್ದಿಲಿನ ಒಲೆ ಕಟ್ಟಿ ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಆ ಒಲೆಯ ಗುಣ ಏನೆಂದರೆ, ನಿಂತಷ್ಟು ಹೊತ್ತು ಗ್ಯಾಸು ಸೋತುಹೋಗುತ್ತದೆ. ಮತ್ತೆ ಬೀಸಣಿಗೆ ತಿರುಗಿಸಿ ಬೆವರು ಸುರಿಸಿ ಎಬ್ಬಿಸಬೇಕು. ಹಾಗಾಗಿ ತೆಂಕು ದಡದ ಡ್ರೈವರ್ ಎರಡನೆಯ ದೋಣಿಗೆ ಕಾಯುತ್ತಲೇ ಇರಲಿಲ್ಲ. ಮೊದಲ ದೋಣಿಯ ಜನ ಹತ್ತಿದರೆ ಸರಿ, ಹೊರಟ.

ಮಿಶನಿನ ಒಡತಿ ಒಬ್ಬಳು ಕ್ರೈಸ್ತ ವಿಧವೆ. ಎಲ್ಲರೂ ಬಾಯಮ್ಮ ಎನ್ನುತ್ತಿದ್ದರು. ಗಂಡ ಸತ್ತ ಮೇಲೆ ಮಂಗಳೂರು ಕಡೆಯಿಂದ ಹೊರಟು ಕುಂಬಳೆ ಪೇಟೆಯಲ್ಲಿ ಒಂದು ಅಂಗಡಿ ಜಗಲಿಯನ್ನು ಬಾಡಿಗೆಗೆ ಹಿಡಿದಿದ್ದಳು. ಅಲ್ಲಿ ಕೂತು ರವಕೆ, ಲಂಗ, ಮಕ್ಕಳ ಅಂಗಿ ಹೊಲಿದು ಬದುಕುವುದೆಂದು ಲೆಕ್ಕ. ಯುದ್ಧದಲ್ಲಿ ಹೊಸ ಮಿಶನು ಬರುವುದು ನಿಂತಿತ್ತು. ಇದೊಂದು ಹೋದರೆ ಇನ್ನೊಂದು ಇಲ್ಲ. ರೈಲಿನಲ್ಲಿ ಸಿಪಾಯಿಗಳ ನೂಕುನುಗ್ಗಲು ಎಂದು ಬಸ್ಸಿನಲ್ಲಿ ತಂದಳು. ಹುಲ್ಲು ತುರುಕಿ, ಗೋಣಿಯಲ್ಲಿ ಸುತ್ತಿ, ಹೊಲಿದು. ಕಡವಿನಲ್ಲಿ ದೋಣಿಯವನು, "ಬಾಯಮ್ಮ, ಭಾರದ ಗಂಟು ಎಲ್ಲ ಹಿಂದಿನ ದೋಣಿಯಲ್ಲಿ ಬರ್ತದೆ, ನೀವು ಕೂತುಕೊಳ್ಳಿ" ಎಂದನಂತೆ. ಅವಳು ಕೂತಳು. ಆಚೆ ದಡದಲ್ಲಿ ಬಸ್ಸು ಹೊರಡುತ್ತಿದೆ ಎಂದು ಯಾರೋ ಹತ್ತಿಸಿದರು. ಗಂಟು ಬಡಗು ದಡದಲ್ಲೇ ಉಳಿಯಿತು.

ಇನ್ನು ಕಡವಿನ ಏಲಂ. ಉಳಿದ ಸಾಮಾನನ್ನು ಕಂಡಕ್ಟರ ಬಂದ್ಯೋಡಿನ ಬಸ್ಸಿನ ಶೆಡ್ಡಿನಲ್ಲಿ ಇಡುತ್ತಿದ್ದ. ಅಮಾವಾಸ್ಯೆಯ ಒಳಗೆ ಯಾರಾದರೂ ಕೇಳಿ ಬಂದರೆ ಚಾಯದ ಕಾಸು ತೆಗೆದುಕೊಂಡು ಕೊಡುವುದು. ಬಾರದಿದ್ದರೆ ಅಮಾವಾಸ್ಯೆಯ ದಿನ, ಬಸ್ಸಿಗೆ ಕಾಯಿ ಒಡೆದಾದ ಮೇಲೆ, ಡ್ರೈವರ್, ಕಂಡಕ್ಟರ, ದೋಣಿಯವರು, ಬಸ್ಸಿನ ಏಜೆಂಟ ಕೂತು ತಮ್ಮೊಳಗೇ ಏಲಂ ಕೂಗುವುದು. ತೆಗೆದುಕೊಂಡವನು ಹಣ ಇಡಬೇಕು, ಆ ಹಣದಲ್ಲಿ ಎಲ್ಲರಿಗೂ ಪಾಲು. ಕೊಡೆ, ಚೆಂಬು, ಚಾಪೆ, ಒಮ್ಮೆ ಒಂದು ಜೀವಂತ ಹುಂಜ ಕೂಡ ಹೀಗೆ ಕೈಬದಲಾಗಿತ್ತು. ಅವರ ಪ್ರಕಾರ ಅದು ಕಳ್ಳತನ ಅಲ್ಲ. ಕದ್ದವ ಬಚ್ಚಿಡುತ್ತಾನೆ, ನಾವು ಎಲ್ಲರ ಎದುರು ಕೂಗುತ್ತೇವೆ ಎನ್ನುತ್ತಿದ್ದರು.

ಬಾಯಮ್ಮ ಮಾರನೆಯ ದಿನವೇ ಹೊಳೆ ದಾಟಿ ಬಂದ್ಯೋಡಿಗೆ ಹೋಗಿ ಏಜೆಂಟನನ್ನು ಕೇಳಿದ್ದಳು. ಏಜೆಂಟ "ನೋಡುವ" ಎಂದ. ಮತ್ತೊಮ್ಮೆ ಹೋದಳು. "ಅಂಥದ್ದು ಎಂತದೂ ಬರ್ಲಿಲ್ಲ" ಎಂದ. ಅಮಾವಾಸ್ಯೆ ಕಳೆಯಿತು. ಏಲಂನಲ್ಲಿ ಕಂಡಕ್ಟರ ತೆಗೆದುಕೊಂಡ, ಹೆಂಡತಿಗೆ ಕೊಟ್ಟ. ಅವಳು ಹೊಲಿಯಲಿಕ್ಕೆ ಕೂತಳು. ಹೊಲಿಗೆಯ ಸದ್ದನ್ನು ಎಷ್ಟು ದಿನ ಮುಚ್ಚಿಡಲಿಕ್ಕಾಗುತ್ತದೆ? ಮಂಗಲ್ಪಾಡಿಯ ಹೆಂಗಸೊಬ್ಬಳು ಅವಳು ಹೊಲಿದ ಹೊಸ ರವಕೆ ಹಾಕಿಕೊಂಡು ಕುಂಬಳೆಗೆ ಬಂದಾಗ ಸುದ್ದಿ ಬಾಯಮ್ಮನಿಗೆ ಮುಟ್ಟಿತು. ಪೊಲೀಸಿಗೆ ಹೇಳಿ, ಹಿಡಿಯ ನೀಲಿ ಬಟ್ಟೆಯ ಚೂರು ನೋಡಿ ಮಿಶನಿನ ಗುರುತು ಹಿಡಿದಳು.

ಕೋರ್ಟಿನಲ್ಲಿ ಕಂಡಕ್ಟರ ಒಂದು ಸುಳ್ಳೂ ಹೇಳಲಿಲ್ಲ. ಅವನ ಕೇಸು ಕೆಟ್ಟದ್ದು ಅದರಿಂದಲೇ.

"ಮಿಶನು ಬಾಯಮ್ಮನದ್ದೇ ಧಣಿ. ನಾನು ಅಲ್ಲ ಅಂತ ಹೇಳ್ಲಿಲ್ಲ. ಆದರೆ ಕದ್ದದ್ದಲ್ಲ. ಅಮಾವಾಸ್ಯೆ ತನಕ ಕಾದು ಏಲಂನಲ್ಲಿ ತೆಗೊಂಡದ್ದು. ಡ್ರೈವರನಿಗೆ ಪಾಲು ಕೊಟ್ಟಿದ್ದೇನೆ, ದೋಣಿಯವರಿಗೆ ಕೊಟ್ಟಿದ್ದೇನೆ, ಏಜೆಂಟ್ರಿಗೂ ಕೊಟ್ಟಿದ್ದೇನೆ."

ಗುತ್ತಿನವರು ಕುರ್ಚಿಯಲ್ಲಿ ಮುಂದೆ ಬಾಗಿದರು. "ಬೇರೆಯವರ ಸೊತ್ತನ್ನು ಏಲಂ ಹಾಕ್ಲಿಕ್ಕೆ ನೀವು ಯಾರು? ಸರಕಾರವಾ?"

ಕೋರ್ಟು ನಕ್ಕಿತು. ನಾನೂ ನಕ್ಕೆ. ಕಂಡಕ್ಟರ ಮಾತ್ರ ಅದು ನಿಜವಾದ ಪ್ರಶ್ನೆ ಎಂಬ ಹಾಗೆ ಉತ್ತರ ಹುಡುಕುತ್ತ ನಿಂತಿದ್ದ.

ಪಾಲು ತಿಂದವರಲ್ಲಿ ಯಾರ ಮೇಲೂ ಕೇಸು ಇಲ್ಲ. ಪೊಲೀಸಿನವರು ಮಿಶನು ಸಿಕ್ಕಿದ ಮನೆಯವನನ್ನು ಹಿಡಿದಿದ್ದರು, ಅಷ್ಟೇ. ಏಜೆಂಟನಂತೂ ಸರಕಾರದ ಕಡೆಯ ಸಾಕ್ಷಿ. ಇಸ್ತ್ರಿಯ ಅಂಗಿ, ಬೆಳ್ಳಿ ಹಿಡಿಯ ಕೊಡೆ. ಏಲಂ ಎಂಬ ಶಬ್ದವನ್ನೇ ಕೇಳಿಲ್ಲ ಎಂದ. ನನಗೆ ತಡೆಯಲಿಲ್ಲ.

"ಬಾಯಮ್ಮ ನಿಮ್ಮ ಹತ್ತಿರ ಎರಡು ಸಲ ಬಂದಿದ್ರಂತಲ್ಲ?"

"ದಿನಕ್ಕೆ ಎಷ್ಟು ಜನ ಬರ್ತಾರೆ ಧಣಿ. ಒಬ್ಬನಿಗೆ ಕೊಡೆ, ಒಬ್ಬನಿಗೆ ಚೆಂಬು. ಎಲ್ಲ ನೆನಪಿಡ್ಲಿಕ್ಕೆ ಆಗ್ತದಾ?"

"ನಿಮ್ಮ ಕೈಯಲ್ಲಿ ಉಂಟಲ್ಲ, ಆ ಕೊಡೆ ಯಾರದ್ದು?"

ಕೊಡೆ ಅವನ ಬೆನ್ನ ಹಿಂದೆ ಹೋಯಿತು. ಮಾಸ್ಟ್ರು ಮೇಜು ತಟ್ಟಿದರು. "ಸಾವ್ಕಾರ್ರೆ, ಆ ಕೊಡೆ ಈ ಕೇಸಿಗೆ ಸಂಬಂಧ ಇಲ್ಲ."

ಸಂಬಂಧ ಇತ್ತು. ಆದರೆ ಎದುರಿಗೆ ನಿಲ್ಲಿಸಿದವನಿಗೆ ಮಾತ್ರ ಶಿಕ್ಷೆ ಕೊಡಬಹುದೇ ಹೊರತು ಬದಿಯಲ್ಲಿ ನಿಂತವನಿಗೆ ಕೊಡಲಿಕ್ಕೆ ಬೆಂಚಿಗೆ ಅಧಿಕಾರ ಇಲ್ಲ. ಸಾಕ್ಷಿ ಹೇಳಿ ಇಳಿದ ಏಜೆಂಟ ಕಂಡಕ್ಟರನ ಭುಜ ತಟ್ಟಿ, "ಹೆದರ್ಬೇಡ ಮಾರಾಯ" ಎಂದು ಹೊರಗೆ ಹೋದ.

ತಪ್ಪು ಸಾಬೀತು. ಉಳಿದದ್ದು ಶಿಕ್ಷೆಯ ಮಾತು. ನಾನು ಆ ವಾರವೇ ಕೋರ್ಟಿನ ಗುಮಾಸ್ತನ ಹತ್ತಿರ ಒಂದು ವಿಷಯ ಕೇಳಿಟ್ಟುಕೊಂಡಿದ್ದೆ, ಮಿಶನು ಬಾಯಮ್ಮನ ಕೈಗೆ ಯಾವಾಗ ಬರುತ್ತದೆ ಎಂದು. ಇದು ನನ್ನ ಅಭ್ಯಾಸ. ಯಾವ ವ್ಯವಹಾರವಾದರೂ ಸರಕು ಯಾರ ಮನೆಗೆ ಯಾವತ್ತು ಮುಟ್ಟುತ್ತದೆ ಎಂದು ಮೊದಲು ಕೇಳುವುದು. ಗುಮಾಸ್ತ ಪುಸ್ತಕ ತೆಗೆದು ಓದಿದ. ನಮ್ಮಂಥ ಬೆಂಚು ಬರೇ ದಂಡ ಹಾಕಿದರೆ ಅದರ ಮೇಲೆ ಅಪೀಲು ಇಲ್ಲ. ಅವತ್ತೇ ಮುಗಿಯಿತು, ಮಿಶನು ಕೊಡಬಹುದು. ಸಜೆ ಹಾಕಿದರೆ, ಅದು ಒಂದೇ ದಿನದ್ದಾದರೂ, ಅಪೀಲು ಉಂಟು. ಅಪೀಲು ಮುಗಿಯುವ ತನಕ ಜಪ್ತಿ ಮಾಲು ಕೋರ್ಟಿನಲ್ಲೇ ಇರಬೇಕು.

ಅಂದರೆ ನನ್ನ ಲೆಕ್ಕಕ್ಕೆ ಆ ದಿನ ಎರಡು ವಸ್ತು ತಕ್ಕಡಿಯಲ್ಲಿದ್ದವು. ಒಂದು ಕಡೆ ಆ ಹೆಂಗಸಿನ ಅನ್ನ, ಇನ್ನೊಂದು ಕಡೆ ಈ ಗಂಡಸಿನ ಜೈಲು. ಬರೇ ದಂಡ ಎಂದು ಬರೆದರೆ ಅನ್ನವೂ ಉಳಿಯುತ್ತಿತ್ತು, ಜೈಲೂ ತಪ್ಪುತ್ತಿತ್ತು.

ಹಿಂದಿನ ಕೋಣೆಯಲ್ಲಿ ಚಾಯ ಬಂತು. ಗುತ್ತಿನವರು ಕುಡಿಯಲಿಕ್ಕೂ ಕಾಯಲಿಲ್ಲ. "ಮೂರು ತಿಂಗಳು. ನನ್ನ ಅಳಿಯನ ಹೊಸ ಟ್ರಂಕು ಇದೇ ಕಡವಿನಲ್ಲಿ ಹೋದದ್ದು. ಇವರಿಗೆ ಒಮ್ಮೆ ಬಿಸಿ ಮುಟ್ಟಬೇಕು."

ನಾನು ಅಪೀಲಿನ ವಿಷಯ ಹೇಳಿದೆ. ಮಿಶನು ಸಿಕ್ಕಿಬೀಳುತ್ತದೆ, ಬಾಯಮ್ಮ ಜಗಲಿಯ ಬಾಡಿಗೆ ಎಲ್ಲಿಂದ ಕೊಡುತ್ತಾಳೆ ಎಂದೆ. ದೊಡ್ಡ ದಂಡ ಹಾಕುವ, ಏಲಂನಲ್ಲಿ ಕೂಗಿದ್ದಕ್ಕಿಂತ ಹೆಚ್ಚು ಹಾಕುವ ಎಂದೆ.

ಮಾಸ್ಟ್ರು ಚಾಯ ಆರಿಸುತ್ತ ಕೂತಿದ್ದರು. ಅವರು ಕೆಟ್ಟವರಲ್ಲ. ಆದರೆ ಜೀವಮಾನ ಇಡೀ ಕ್ಲಾಸಿನ ಎದುರು ಒಬ್ಬನನ್ನು ನಿಲ್ಲಿಸಿ ಉಳಿದವರಿಗೆ ಪಾಠ ಕಲಿಸಿದವರು. "ದಂಡ ಕೊಟ್ಟು ಹೋದರೆ ಅದು ಬಾಡಿಗೆ ಕೊಟ್ಟ ಹಾಗೆ, ಸಾವ್ಕಾರ್ರೆ. ಸಜೆ ಎಂಬ ಶಬ್ದ ತೀರ್ಪಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ನಾನು ಇವರ ಕಡೆ."

ಅವರು ಗುತ್ತಿನವರ ಕಡೆ ಹೋದರೆ ಇಬ್ಬರಾದರು, ಮೂರು ತಿಂಗಳು ಖಾಯಂ. ನಾನು ಒಬ್ಬನೇ ಬೇಡ ಎಂದು ಬರೆದಿಟ್ಟರೆ ನನ್ನ ಮರ್ಯಾದೆ ಉಳಿಯುತ್ತದೆ, ಕಂಡಕ್ಟರ ಜೈಲಿಗೆ ಹೋಗುತ್ತಾನೆ. ಆಗ ನಾನು ವ್ಯಾಪಾರಿಯ ಬುದ್ಧಿ ಓಡಿಸಿದೆ. ಕಾನೂನಿನಲ್ಲಿ ಒಂದು ಸಣ್ಣ ಸಜೆ ಉಂಟು. ಕೋರ್ಟು ಏಳುವ ತನಕ ಸಜೆ. ಅಪರಾಧಿ ಆ ದಿನ ಕೋರ್ಟು ಮುಗಿಯುವ ವರೆಗೆ ಅಲ್ಲೇ ಕೂತಿರಬೇಕು, ಮುಗಿದ ಕೂಡಲೇ ಮನೆಗೆ.

"ಮಾಸ್ಟ್ರೆ, ನಿಮಗೆ ಶಬ್ದ ಸಾಕಲ್ಲ? ಕೋರ್ಟು ಏಳುವ ತನಕ ಸಜೆ, ಮೇಲಿಂದ ದಂಡ."

ಮಾಸ್ಟ್ರು ಯೋಚಿಸಿ, ಆಗಬಹುದು ಎಂದರು. ಗುತ್ತಿನವರು ಲೋಟ ಕುಕ್ಕಿದರು. "ನೀವು ಶಿಕ್ಷೆಯನ್ನೂ ಕೊಬ್ಬರಿಯ ಹಾಗೆ ಚೌಕಾಸಿ ಮಾಡ್ತೀರಿ."

ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ಅಪೀಲಿನ ದಾರಿ ತೆರೆಯುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ಒಂದು ಮಧ್ಯಾಹ್ನ ಗೋಡೆಗೆ ಒರಗಿ ಕೂತು ಮುಗಿಸಿದ ಸಜೆಯ ಮೇಲೆ ವಕೀಲನಿಗೆ ದುಡ್ಡು ಸುರಿದು ಅಪೀಲಿಗೆ ಹೋಗುವ ಮೂರ್ಖ ಯಾರು ಎಂಬುದು ನನ್ನ ಲೆಕ್ಕ. ಅಪೀಲಿನ ವಾಯಿದೆ ಕಳೆದ ಕೂಡಲೇ ಮಿಶನು ಬಾಯಮ್ಮನಿಗೆ. ಮೂರು ತಿಂಗಳನ್ನು ಒಂದು ಮಧ್ಯಾಹ್ನಕ್ಕೆ ಇಳಿಸಿದ್ದೆ. ಅಂಥ ಇಳಿತ ನಾನು ಯಾವ ಕೊಬ್ಬರಿಯಲ್ಲೂ ಮಾಡಿದ್ದಿಲ್ಲ.

ತೀರ್ಪು ಓದಿದರು. ಕಂಡಕ್ಟರ ಸಾಕ್ಷಿಕಟ್ಟೆಯ ಬದಿಯಲ್ಲಿ ನೆಲದ ಮೇಲೆ ಕೂತ. ನಾವು ಉಳಿದ ಕೇಸುಗಳನ್ನು ತೆಗೆದುಕೊಂಡೆವು. ಒಬ್ಬನ ಎಮ್ಮೆ ಇನ್ನೊಬ್ಬನ ಬಸಳೆ ತಿಂದ ಕೇಸಿನಲ್ಲಿ ಅವನೂ ಎಲ್ಲರ ಜೊತೆ ನಕ್ಕ. ಕೋರ್ಟು ಎದ್ದಾಗ, "ನಾನಿನ್ನು ಹೋಗಬಹುದಾ ಧಣಿ?" ಎಂದು ಕೇಳಿ, ಎದ್ದು, ಪಂಚೆ ಕೊಡವಿ ಹೋದ.

ಬಾಯಮ್ಮ ಅಂಗಳದಲ್ಲಿ ಕಾದಿದ್ದಳು. ಒಬ್ಬ ಹೊರೆಯಾಳನ್ನು ಗೊತ್ತು ಮಾಡಿಕೊಂಡು, ಅದೇ ಗೋಣಿ, ಹೊಸ ಬೈಹುಲ್ಲು ಹಿಡಿದುಕೊಂಡು. ಗುಮಾಸ್ತ ಅಪೀಲಿನ ವಾಯಿದೆ ಹೇಳಿದ.

"ಗೆದ್ದದ್ದು ನಾನಲ್ಲವಾ?" ಎಂದು ನನ್ನನ್ನು ಕೇಳಿದಳು.

"ಸ್ವಲ್ಪ ದಿನ, ಬಾಯಮ್ಮ. ಖಂಡಿತ ಸಿಗ್ತದೆ" ಎಂದೆ. ಹೊರೆಯಾಳಿಗೆ ಬಂದ ದಾರಿಯ ಕೂಲಿ ಅವಳೇ ಕೊಟ್ಟಳು.

ವಾಯಿದೆ ಮುಗಿಯುವ ಮೊದಲು ಕಂಡಕ್ಟರ ನನ್ನ ಅಂಗಡಿಗೆ ಬಂದ. ಕೊಬ್ಬರಿ ಒಣಹಾಕಿದ ಅಂಗಳದ ಬದಿಯಲ್ಲೇ ನಿಂತ.

"ಮೂರು ತಿಂಗಳು ತಪ್ಪಿಸಿದ್ದು ನೀವಂತೆ ಧಣಿ. ಅದಕ್ಕೆ ಕೈಮುಗಿದು ಹೋಗುವ ಅಂತ ಬಂದೆ. ಅಪೀಲಿಗೆ ಕೊಟ್ಟಾಯ್ತು, ಅದೂ ಹೇಳಿ ಹೋಗುವ ಅಂತ."

"ಎಂತಕ್ಕೆ ಮಾರಾಯ? ಸಜೆ ಮುಗಿದಾಯ್ತಲ್ಲ?"

"ಬಿಲ್ಲೆ ಹೋಯ್ತು. ಕಂಡಕ್ಟರನಿಗೆ ಈಗ ಲೈಸೆನ್ಸು ಬೇಕು, ಅಂಗಿಗೆ ಸಿಕ್ಕಿಸುವ ಬಿಲ್ಲೆ ಬೇಕು. ಸಜೆ ಆದವನಿಗೆ ಕೊಡುವುದಿಲ್ಲ ಅಂತೆ. ಬರೇ ದಂಡ ಆಗಿದ್ರೆ ನೋಡುವ ಅಂತಿದ್ರು. ಮೂರು ತಿಂಗಳಾದರೂ ಒಂದೇ, ಒಂದು ಹೊತ್ತಾದರೂ ಒಂದೇ. ಅಲ್ಲಿ ಶಬ್ದ ಮಾತ್ರ ನೋಡುವುದು."

ಶಬ್ದ ಮಾಸ್ಟ್ರದ್ದು, ಅದನ್ನು ಸೋವಿಯಲ್ಲಿ ಕೊಡಿಸಿದವನು ನಾನು. ನಾನು ಸುಮ್ಮನಿರುವ ಜಾತಿಯಲ್ಲ. ಅಪೀಲು ಹಿಂದೆ ತೆಗೆದುಕೊಂಡರೆ ನನ್ನ ಅಂಗಡಿಯಲ್ಲೇ ಕೆಲಸ ಕೊಡುತ್ತೇನೆ ಎಂದೆ. ಅವನು ಅಂಗಳದಲ್ಲಿ ಕೊಬ್ಬರಿ ಮಗುಚುತ್ತಿದ್ದ ಹೆಂಗಸರನ್ನು ಸ್ವಲ್ಪ ಹೊತ್ತು ನೋಡಿದ.

"ಒಂದು ಸಲ ನಿಮ್ಮ ವ್ಯಾಪಾರದೊಳಗೆ ಬಂದದ್ದು ಸಾಕು ಧಣಿ" ಎಂದು ಹೋದ.

ಇಲ್ಲಿ ನಿಮಗೊಂದು ಮಾತು ಹೇಳಬೇಕು. ಕ್ರಯದಲ್ಲಿ ಅರ್ಧ ಅವರು ಬಿಟ್ಟು, ಅರ್ಧ ನಾವು ಬಿಟ್ಟು ಸರಕು ಮನೆಗೆ ತರಬಹುದು. ಶಿಕ್ಷೆಯಲ್ಲಿ ಅರ್ಧ ಎಂಬುದಿಲ್ಲ. ಕಡಿಮೆ ಮಾಡಿದೆವು ಎಂದು ನಮಗೆ ಮೇಲಿಂದ ಕಾಣುತ್ತದೆ. ಕೆಳಗೆ ನಿಂತವನ ಮೇಲೆ ಬೀಳುವಾಗ ಅದು ಇಡಿಯಾಗಿಯೇ ಬೀಳುತ್ತದೆ.

ಅಪೀಲು ಮೇಲಿನ ಕೋರ್ಟಿಗೆ ಹೋಯಿತು. ಕಾಗದಪತ್ರ ತರಿಸಿಕೊಳ್ಳಲಿಕ್ಕೆ ಒಂದಷ್ಟು ಕಾಲ. ವಕೀಲರಿಗೆ ಜ್ವರ. ವಕೀಲರಿಗೆ ಗುಣವಾಗುವಾಗ ಕೇಸು ಕೇಳುವ ಹಾಕಿಮರಿಗೆ ವರ್ಗ. ಹೊಸ ಹಾಕಿಮರು ಮೊದಲಿಂದ ಓದಬೇಕು. ಬಾಯಮ್ಮ ವಾರವಾರ ನಮ್ಮ ಕೋರ್ಟಿನ ದಿನ ಬಂದು ಕೂರುತ್ತಿದ್ದಳು. ಜಾಮೀನು ಕೊಟ್ಟು ಮಿಶನು ಬಿಡಿಸಿಕೊಳ್ಳುವ ದಾರಿ ಉಂಟೋ ಎಂದು ಗುಮಾಸ್ತನನ್ನು ಕೇಳಿದೆ. ಆಸ್ತಿ ಇದ್ದವರು ಜಾಮೀನು ನಿಂತರೆ ಅರ್ಜಿ ಹಾಕಿ ನೋಡಬಹುದು ಎಂದ. ಹೊರಗಿಂದ ಬಂದ ವಿಧವೆಗೆ ಜಾಮೀನು ನಿಲ್ಲುವವರು ಕುಂಬಳೆಯಲ್ಲಿ ಯಾರು? ನಾನು ನಿಲ್ಲುತ್ತೇನೆ ಎಂದೆ. ಬೆಂಚಿನವರು ತಮ್ಮದೇ ಕೋರ್ಟಿನಲ್ಲಿ ನಿಲ್ಲುವಂತಿಲ್ಲ ಎಂದ.

"ಕೊಳೆಯುವ ವಸ್ತುವಾದರೆ ಅಪೀಲು ಇದ್ದರೂ ಕೊಡಬಹುದು, ಧಣಿ. ಮೀನು, ಹಣ್ಣು, ಹಾಗೆಯೇ ದನ, ಆಡು. ಇದು ಕಬ್ಬಿಣ. ಕಬ್ಬಿಣ ಕೊಳೆಯುವುದಿಲ್ಲ."

ಆಗಲೇ ನ್ಯಾಯಕ್ಕಾಗಿ ಅಲ್ಲ, ಕಬ್ಬಿಣಕ್ಕಾಗಿ ನಾನು ಜಪ್ತಿ ಮಾಲಿನ ಆ ಕೋಣೆಗೆ ಮೊದಲ ಸಲ ಹೋದದ್ದು. ಕಡಲ ಕಡೆಗೆ ತೆರೆದ ಕಿಟಕಿ, ಅದರ ಬಾಗಿಲಿಗೆ ಚಿಲಕ ಇಲ್ಲ. ಮಾಡಿನ ಒಂದು ಹಂಚು ಜಾರಿತ್ತು. ಹೊರಗೆ ಆಟಿ ತಿಂಗಳ ಮಳೆ. ಕಳ್ಳಭಟ್ಟಿಯ ಮಡಕೆಗಳು, ಜಗಳದ ದೊಣ್ಣೆಗಳು, ಅವುಗಳ ನಡುವೆ ಮಿಶನು. ಕೇಸಿನ ನಂಬರು ಬರೆದ ಚೀಟಿಯನ್ನು ನೀಲಿ ಬಟ್ಟೆಯ ಚೂರಿಗೇ ಕಟ್ಟಿದ್ದರು. ಚಕ್ರದ ಅಂಚಿನಲ್ಲಿ ಆಗಲೇ ಕೆಂಪು ಹಿಡಿದಿತ್ತು. ನನ್ನ ಖರ್ಚಿನಲ್ಲೇ ಹಂಚು ಸರಿ ಮಾಡಿಸಿದೆ. ಕಡಲ ಉಪ್ಪು ಗಾಳಿಗೆ ಏನು ಮಾಡುವುದು?

ನಾನು ಕಂಡದ್ದನ್ನು ಬಾಯಮ್ಮನಿಗೆ ಹೇಳಬಾರದಿತ್ತು. ಮುಂದಿನ ವಾರ ಅವಳು ಒಂದು ಸಣ್ಣ ಕುಪ್ಪಿಯಲ್ಲಿ ಮಿಶನಿನ ಎಣ್ಣೆ ತಂದಳು.

"ಮಿಶನು ಬೇಡ. ಎಣ್ಣೆ ಮಾತ್ರ ಬಿಟ್ಟು ಹೋಗ್ತೇನೆ. ನೀವೇ ಬೇಕಾದರೆ ಬದಿಯಲ್ಲಿ ನಿಂತುಕೊಳ್ಳಿ."

ಗುಮಾಸ್ತ ಒಪ್ಪಲಿಲ್ಲ. ಅಪೀಲಿನಲ್ಲಿರುವ ಮಾಲನ್ನು ಫಿರ್ಯಾದಿ ಮುಟ್ಟಿದರೆ ಮಾಲು ಬದಲಾಯಿಸಿದರು ಎಂದು ಎದುರು ವಕೀಲ ಹೇಳಬಹುದು. ಅವನದ್ದೂ ತಪ್ಪಲ್ಲ, ಅವನ ಕೆಲಸಕ್ಕೆ ಅವನು ಹೆದರಬೇಕು. ಮಾಸ್ಟ್ರನ್ನು ಕೇಳಿದೆ. "ನಿಯಮ ಒಬ್ಬರಿಗೆ ಸಡಿಲಿಸಿದರೆ ನಾಳೆ ಎಲ್ಲರೂ ಎಣ್ಣೆ ಹಿಡ್ಕೊಂಡು ಬರ್ತಾರೆ" ಎಂದರು. ಯಾರು ಬರುತ್ತಾರೆ, ಯಾತಕ್ಕೆ ಬರುತ್ತಾರೆ ಎಂದು ನಾನು ಕೇಳಲಿಲ್ಲ. ಬಾಯಮ್ಮ ಆ ಕುಪ್ಪಿಯನ್ನು ಪ್ರತಿ ವಾರ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದಳು, ಯಾರಿಗಾದರೂ ಮನಸ್ಸು ಬದಲಾಗುತ್ತದೋ ಎಂದು.

ಇನ್ನೊಂದು ಮಳೆಗಾಲ ಕಳೆದ ಮೇಲೆ ಅವಳು ನನ್ನ ಅಂಗಡಿಗೆ ಬಂದಳು. ಜಗಲಿಯ ಬಾಡಿಗೆ ಬಾಕಿಯಾಗಿ ಯಜಮಾನ ಬೇರೆಯವರಿಗೆ ಕೊಟ್ಟಿದ್ದ. ಕೊಡಗಿನ ಕಾಫಿ ತೋಟಕ್ಕೆ ಆಳು ಕರೆದೊಯ್ಯುವ ಮೇಸ್ತ್ರಿಯ ಜೊತೆ ಹೊರಟಿದ್ದಳು.

"ಹಣ್ಣು ಕೊಯ್ಲಿಕ್ಕೆ ಮಿಶನು ಬೇಡ ಅಂತೆ" ಎಂದಳು. ಆಮೇಲೆ ಕುಪ್ಪಿಯನ್ನು ನನ್ನ ಗಲ್ಲಾಪೆಟ್ಟಿಗೆಯ ಮೇಲಿಟ್ಟಳು. "ಅವರು ಬಿಟ್ಟರೆ ಹಾಕಿಸಿ ಧಣಿ. ಚಕ್ರದ ಹತ್ತಿರ ಒಂದು ತೂತು ಉಂಟು, ಅದಕ್ಕೆ. ತೆಂಗಿನೆಣ್ಣೆ ಮಾತ್ರ ಹಾಕ್ಬೇಡಿ, ಹಿಡ್ಕೊಳ್ತದೆ." ಯಾವ ತೋಟ ಎಂದು ಕೇಳಿದೆ. ಮೇಸ್ತ್ರಿಗೇ ಗೊತ್ತು ಎಂದಳು. ಕುಪ್ಪಿಯನ್ನು ಹಿಂದಿನ ಹಲಗೆಯ ಮೇಲಿಟ್ಟೆ.

ಅಪೀಲು ವಜಾ ಆಯಿತು ಎಂಬ ಸುದ್ದಿ ಬರುವಾಗ ಯುದ್ಧವೇ ಮುಗಿದಿತ್ತು. ನಮ್ಮ ಶಿಕ್ಷೆ ಸರಿ ಎಂದರು. ಮಾಸ್ಟ್ರು ಆ ದಿನ ಎಲ್ಲರಿಗೂ ಚಾಯ ತರಿಸಿದರು. ಮಿಶನು ಒಯ್ಯಬೇಕೆಂದು ಬಾಯಮ್ಮನಿಗೆ ನೋಟೀಸು ಹೋಯಿತು, ಪೇಟೆಯ ಜಗಲಿಯ ವಿಳಾಸಕ್ಕೆ. ಆಸಾಮಿ ಊರಿನಲ್ಲಿಲ್ಲ ಎಂದು ಬರೆಸಿಕೊಂಡು ಹಿಂದೆ ಬಂತು. ನಾನು ಮೇಸ್ತ್ರಿಯನ್ನು ಹುಡುಕಿಸಿದೆ. ಅವನು ಆ ವರ್ಷ ಬೇರೆ ತೋಟಕ್ಕೆ ಆಳು ಕೊಡುತ್ತಿದ್ದ. ಹಳೆಯ ತೋಟದಿಂದ ಅವಳು ಯಾವಾಗಲೋ ಹೊರಟುಹೋಗಿದ್ದಾಳೆ ಎಂದ. ಕೋರ್ಟು ಕಾಯುವಷ್ಟು ಕಾಲ ಕಾದಿತು. ಆಮೇಲೆ ಕಚೇರಿಯ ಹಲಗೆಗೆ ಪ್ರಕಟಣೆ ಅಂಟಿಸಿದರು. ವಾರಸುದಾರರಿಲ್ಲದ ಮಾಲುಗಳ ಸರಕಾರಿ ಏಲಂ.

ಗುತ್ತಿನವರು ಅಂದು "ಸರಕಾರವಾ?" ಎಂದು ಕೇಳಿದ ಪ್ರಶ್ನೆಗೆ ಉತ್ತರ ಆ ಹಲಗೆಯ ಮೇಲೆ ಇತ್ತು. ಅವರಿಗೆ ತೋರಿಸಿದೆ. "ಅದು ಬೇರೆ, ಇದು ಬೇರೆ" ಎಂದರು. ಹೇಗೆ ಬೇರೆ ಎಂದರೆ, ಕಡವಿನವರು ಒಂದು ಅಮಾವಾಸ್ಯೆ ಕಾದರು, ನಾವು ಹೆಚ್ಚು ಕಾದೆವು. ಅವರ ಶೆಡ್ಡು ಸೋರುತ್ತಿರಲಿಲ್ಲ.

ಬೆಂಚಿನವರು ಏಲಂ ಕೂಗುವಂತಿಲ್ಲ. ನನ್ನ ಅಂಗಡಿಯಲ್ಲಿ ತೂಕ ಮಾಡುವವನನ್ನು ಕಳಿಸಿದೆ. ಬಾಯಮ್ಮ ಎಂದಾದರೂ ಸಿಕ್ಕಿದರೆ ಕೊಡಬಹುದೆಂದು ಆಸೆ. ತುಕ್ಕು ಹಿಡಿದ ಮಿಶನು ಗುಜರಿಯವನ ಕ್ರಯಕ್ಕಿಂತ ಮೇಲೆ ಹೋಗುವುದಿಲ್ಲ ಎಂದು ಎಣಿಸಿ, ಇಷ್ಟಕ್ಕಿಂತ ಮೇಲೆ ಕೂಗಬೇಡ ಎಂದು ಹೇಳಿ ಕಳಿಸಿದ್ದೆ. ಅವನು ಹೇಳಿದಲ್ಲಿಗೇ ನಿಲ್ಲಿಸಿ ಬರಿಗೈಯಲ್ಲಿ ಬಂದ. ಇನ್ನೊಬ್ಬ ಅದಕ್ಕಿಂತ ಮೇಲೆ ಕೂಗಿದನಂತೆ.

ಆ ಇನ್ನೊಬ್ಬ ಮಧ್ಯಾಹ್ನ ನನ್ನ ಅಂಗಡಿಗೇ ಬಂದ. ಹಳೆಯ ಕಂಡಕ್ಟರ. ಬಿಲ್ಲೆ ಹೋದ ಮೇಲೆ ಅದೇ ಕಡವಿನಲ್ಲಿ ದೋಣಿ ಹಾಕುತ್ತಿದ್ದ. ತೋಳು ಗಟ್ಟಿಯಾಗಿ ಮುಖ ಒಣಗಿತ್ತು. ಮಿಶನನ್ನು ಜಗಲಿಯ ಮೇಲೆ ಇಳಿಸಿದ. ಬಂಗಾರದ ಬಳ್ಳಿ ಇದ್ದಲ್ಲಿ ಕಂದು ಹಕ್ಕಳೆ. ನೀಲಿ ಬಟ್ಟೆ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಅಂಗಿಯ ಕಿಸೆಯಿಂದ ಒಂದು ಕಾಗದ ತೆಗೆದು ಬಿಡಿಸಿ ತೋರಿಸಿದ. "ಈ ಸಲ ರಶೀದಿ ಉಂಟು ಧಣಿ. ಸರಕಾರದ ಮೊಹರು ಸಹಿತ."

"ನನಗೆ ಕೊಡು" ಎಂದೆ. "ನೀನು ಕೊಟ್ಟದ್ದಕ್ಕೆ ಎರಡರಷ್ಟು." ಅವನು ತಲೆ ಅಲ್ಲಾಡಿಸಿದ. ಮೂರರಷ್ಟು ಎಂದೆ. ನಕ್ಕ. ಬಾಯಮ್ಮನಿಗೆ ಕೊಡಲಿಕ್ಕೆ ಎಂದು ಕಾರಣ ಹೇಳಿದೆ.

"ಬಾಯಮ್ಮ ಬಂದರೆ ನಾನೇ ಕೊಡ್ತೇನೆ. ಚಾಯದ ಕಾಸೂ ಬೇಡ. ನಿಮಗೆ ಮಾತ್ರ ಕೊಡುವುದಿಲ್ಲ."

ನನ್ನ ಆಯುಷ್ಯದಲ್ಲಿ ಮಾತು ಮುಂದುವರಿಸಲಿಕ್ಕೆ ದಾರಿಯೇ ಇಲ್ಲದ ಹಾಗೆ ಮುಗಿದ ವ್ಯಾಪಾರ ಅದೊಂದೇ. ಅವನು ಚಕ್ರ ಹಿಡಿದು ತಿರುಗಿಸಲು ನೋಡಿದ. ಕಿರ್ರೆಂದು ಸ್ವಲ್ಪ ಅಲುಗಿ ನಿಂತಿತು.

"ಎಣ್ಣೆ ಕೇಳುವ ಅಂತ ಬಂದದ್ದು. ಪೇಟೆಯಲ್ಲಿ ಎಲ್ಲೂ ಇಲ್ಲ. ತೆಂಗಿನೆಣ್ಣೆ ಇದಕ್ಕೆ ಆಗುವುದಿಲ್ಲ." ಕಣ್ಣು ನನ್ನ ಹಿಂದಿನ ಹಲಗೆಗೆ ಹೋಯಿತು. "ಅದು ಎಂತ, ಆ ಕುಪ್ಪಿಯಲ್ಲಿ?"

"ಅದು ನನ್ನದಲ್ಲ. ಒಬ್ಬರು ಬಿಟ್ಟುಹೋದದ್ದು."

ಕುಪ್ಪಿಯನ್ನೂ ನನ್ನನ್ನೂ ನೋಡಿದ.

"ಎಷ್ಟು ಅಮಾವಾಸ್ಯೆ ಆಯ್ತು ಧಣಿ?"

ನಾನು ಎದ್ದು ಕುಪ್ಪಿ ತೆಗೆದು ಕೊಟ್ಟೆ. ಅವನು ಮುಚ್ಚಳ ಬಿಚ್ಚಿ, ಚಕ್ರದ ಹತ್ತಿರದ ತೂತು ಹುಡುಕಿ, ಹನಿ ಹನಿಯಾಗಿ ಬಿಟ್ಟ. ಆಮೇಲೆ ಕಿಸೆಗೆ ಕೈ ಹಾಕಿ ಇದಕ್ಕೆ ಎಷ್ಟು ಕೊಡಬೇಕು ಎಂದು ಕೇಳಿದ. ಅದಕ್ಕೊಂದು ಕ್ರಯ ಹೇಳಲಿಕ್ಕೆ ನನ್ನಿಂದ ಆಗಲಿಲ್ಲ.